ಅಪೋಸ್ಟಿಲ್

ಓದಲು, ದುಡಿಯಲು ಹೊರದೇಶಕ್ಕೆ ಹೊರಟ ಹಲವರಿಗೆ ಎದುರಾಗುವ ಈ ಪದ ಫ್ರೆಂಚಿನದು. ಮೊದಲ ಅರ್ಥ, ಪುಟದ ಅಂಚಿನ ಟಿಪ್ಪಣಿ. ಮಧ್ಯಯುಗದ ಲ್ಯಾಟಿನ್ನಿನ ‘ಪೋಸ್ಟಿಲ್ಲಾ’ ಇದರ ಮೂಲ. ಅದರ ಹಿಂದೆ ‘ಆ ಮಾತುಗಳ ನಂತರ’ ಎನ್ನುವ ‘ಪೋಸ್ಟ್ ಇಲ್ಲಾ’ ಇದ್ದೀತೆಂದು ಊಹೆ. ಒಂದು ದೇಶದ ದಾಖಲೆ ಇನ್ನೊಂದರಲ್ಲಿ ನಡೆಯಲೆಂದು ಲಗತ್ತಿಸುವ ಪ್ರಮಾಣಪತ್ರಕ್ಕೆ ಈ ಹೆಸರಿಟ್ಟದ್ದು 1961ರ ಹೇಗ್ ಒಪ್ಪಂದ. ಪತ್ರ ಯಾವ ಭಾಷೆಯಲ್ಲಿದ್ದರೂ ಶೀರ್ಷಿಕೆ ಫ್ರೆಂಚಿನಲ್ಲೇ ಇರಬೇಕು! ಈ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಇಲ್ಲಿ ಅಪೋಸ್ಟಿಲ್ ಕೊಡುವುದು ವಿದೇಶಾಂಗ ಸಚಿವಾಲಯ.

ಈಗ ಎಲೆಕ್ಟ್ರಾನಿಕ್ ರೂಪದ ಇ-ಅಪೋಸ್ಟಿಲ್ ಬಂದಿದೆ. ಅಮೆರಿಕದ ಆನ್‌ಲೈನ್ ನೋಟರಿಗಳು ಈ ಸೇವೆ ನೀಡುತ್ತೇವೆಂದಾಗ ಗಮನಿಸಬೇಕು: ನೋಟರಿ ವಿಡಿಯೊದಲ್ಲಿ ಸಹಿ ಕಂಡು ಮುದ್ರೆ ಒತ್ತಬಹುದು, ಅಪೋಸ್ಟಿಲ್ ಮಾತ್ರ ಸರ್ಕಾರದ ಕಚೇರಿಯಿಂದಲೇ ಬರಬೇಕು. ಅದೂ ಸಹಿ, ಹುದ್ದೆ, ಮುದ್ರೆ ನಿಜವೆನ್ನುತ್ತದೆಯೇ ಹೊರತು ಒಳಗಿನ ಬರಹಕ್ಕೆ ಜಾಮೀನು ನಿಲ್ಲುವುದಿಲ್ಲ.