ಪಶ್ಚಿಮ ತಾಲ್ಲೂಕುಗಳ ಚುನಾವಣೆಗಳು

ಹಿಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮತ್ತು ಕೂಡ್ಲಿಗಿ ತಾಲ್ಲೂಕುಗಳನ್ನು ಒಟ್ಟಾಗಿ 'ಪಶ್ಚಿಮ ತಾಲ್ಲೂಕುಗಳು' ಎಂದು ಕರೆಯುವ ರೂಢಿಯಿದೆ. 2021ರಿಂದ ಈ ಐದೂ ವಿಜಯನಗರ ಜಿಲ್ಲೆಗೆ ಸೇರಿವೆ. ಇವುಗಳ ಬಹುಭಾಗ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂಬ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಹರಪನಹಳ್ಳಿ ಕ್ಷೇತ್ರ ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ ಉಳಿದ ಮೂರು ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿವೆ. ಬಳ್ಳಾರಿಯ ಚುನಾವಣೆ ಎಂದೊಡನೆ 1999ರ ಸೋನಿಯಾ ಗಾಂಧಿ–ಸುಷ್ಮಾ ಸ್ವರಾಜ್ ಹಣಾಹಣಿಯನ್ನೋ ಗಣಿ ಹಣವನ್ನೋ ನೆನೆಯುವುದು ವಾಡಿಕೆ. ಆದರೆ ಪಶ್ಚಿಮ ತಾಲ್ಲೂಕುಗಳ ರಾಜಕಾರಣವನ್ನು ಅವೆರಡಕ್ಕಿಂತ ಆಳವಾಗಿ ತಿದ್ದಿದ್ದು ಗಡಿ ಮತ್ತು ಮೀಸಲಾತಿಯ ನಕ್ಷೆ. ಜಿಲ್ಲೆಯ ಗೆರೆ ನಾಲ್ಕು ಬಾರಿ ಬದಲಾಗಿದೆ. ಕ್ಷೇತ್ರದ ಗೆರೆ ತನ್ನದೇ ಬೇರೆ ಲೆಕ್ಕದಲ್ಲಿ ಸರಿದಿದೆ.

ಮದರಾಸಿನಿಂದ ಮೈಸೂರಿಗೆ

1952ರ ಮೊದಲ ಮಹಾಚುನಾವಣೆಯಲ್ಲಿ ಇಲ್ಲಿನ ಮತದಾರರು ಆರಿಸಿ ಕಳಿಸಿದ್ದು ಮದರಾಸು ವಿಧಾನಸಭೆಗೆ. ಆಗ ಬಳ್ಳಾರಿ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಬಳಿಕ ಆಂಧ್ರ ರಾಜ್ಯ ರಚನೆ ಖಚಿತವಾಯಿತು. ಬಳ್ಳಾರಿ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ಇತ್ಯರ್ಥಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯೇ ಬೇಕಾಯಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ವಿಷಯದಲ್ಲಿ ಅಂಥ ತಕರಾರು ಇರಲಿಲ್ಲ. ಅವು ಕನ್ನಡ ಸೀಮೆಯೆಂಬುದು ಇತ್ಯರ್ಥವಾದ ಸಂಗತಿಯಾಗಿತ್ತು. 1953ರ ಅಕ್ಟೋಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. 1956ರ ಏಕೀಕರಣಕ್ಕೆ ಮೂರು ವರ್ಷ ಮೊದಲೇ ಕನ್ನಡ ನಾಡಿಗೆ ಬಂದ ಮದರಾಸು ಕನ್ನಡಿಗರು ಇವರು.

ಲೋಕಸಭೆಯಲ್ಲಿ ಬಳ್ಳಾರಿ ಕ್ಷೇತ್ರ ಅರ್ಧ ಶತಮಾನ ಕಾಂಗ್ರೆಸ್ಸಿನ ಕೈಬಿಡಲಿಲ್ಲ. 1952, 1957, 1962ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ ಗೆದ್ದರು. 1967 ಮತ್ತು 1971ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಇಲ್ಲಿಂದಲೇ ಆಯ್ಕೆಯಾಗಿ ಕೇಂದ್ರ ಸಚಿವರಾದರು. ಬಸವರಾಜೇಶ್ವರಿ 1984, 1989, 1991ರಲ್ಲಿ ಸತತ ಮೂರು ಬಾರಿ ಗೆದ್ದರು. 1999ರಲ್ಲಿ ಸೋನಿಯಾ ಗಾಂಧಿ 56,100 ಮತಗಳ ಅಂತರದಿಂದ ಗೆದ್ದು, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಸುಷ್ಮಾ ಸ್ವರಾಜ್ ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಮಾಡಿದ ಭಾಷಣಗಳನ್ನು ಈ ಭಾಗದವರು ಇಂದಿಗೂ ಮೆಚ್ಚುಗೆಯಿಂದ ನೆನೆಯುತ್ತಾರೆ. 2004ರಲ್ಲಿ ಜಿ. ಕರುಣಾಕರ ರೆಡ್ಡಿ ಗೆದ್ದಾಗ ಕ್ಷೇತ್ರ ಮೊದಲ ಸಲ ಬಿಜೆಪಿಗೆ ಬಂತು.

ಎಂ.ಪಿ. ಪ್ರಕಾಶ್ ಮತ್ತು ಹಡಗಲಿ

ವಿಧಾನಸಭೆಯ ಮಟ್ಟದಲ್ಲಿ ಪಶ್ಚಿಮ ತಾಲ್ಲೂಕುಗಳಿಗೆ ರಾಜ್ಯದ ಗಮನ ತಂದುಕೊಟ್ಟವರು ಹಡಗಲಿಯ ವಕೀಲ, ಸಮಾಜವಾದಿ ಎಂ.ಪಿ. ಪ್ರಕಾಶ್ (1940–2011). 1983, 1985, 1994 ಮತ್ತು 2004ರಲ್ಲಿ ಅವರು ಹಡಗಲಿಯಿಂದ ಗೆದ್ದರು. 1989 ಮತ್ತು 1999ರಲ್ಲಿ ಸೋತರು. ರಾಜ್ಯದಲ್ಲಿ ಜನತಾ ಪರಿವಾರಕ್ಕೆ ಇಳಿಗಾಲ ಬಂದ ಎರಡೂ ಸಲ ಹಡಗಲಿಯೂ ಅವರ ಕೈಬಿಟ್ಟಿತು. ಜನಪ್ರಿಯ ನಾಯಕನೂ ರಾಜ್ಯದ ಅಲೆಯನ್ನು ಮೀರಿ ನಿಲ್ಲುವುದು ಇಲ್ಲಿ ಸುಲಭವಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಧರ್ಮಸಿಂಗ್ ಸಂಪುಟದಲ್ಲಿ 2005ರ ಆಗಸ್ಟ್‌ನಿಂದ ಕೆಲ ತಿಂಗಳು ಅವರು ಉಪಮುಖ್ಯಮಂತ್ರಿಯಾಗಿದ್ದರು. ಹಂಪಿ ಉತ್ಸವದ ಆರಂಭಕ್ಕೂ ಹಡಗಲಿಯ ರಂಗಭಾರತಿಗೂ ಅವರ ಹೆಸರು ಅಂಟಿಕೊಂಡಿದೆ. ನಾಟಕದಲ್ಲಿ ಬಣ್ಣ ಹಚ್ಚುತ್ತಿದ್ದ, ಸಾಹಿತ್ಯ ಓದಿಕೊಂಡಿದ್ದ ಶಾಸಕರೆಂಬ ಗೌರವ ಪಕ್ಷಭೇದ ಮೀರಿ ಅವರಿಗೆ ಸಲ್ಲುತ್ತದೆ. ಆ ಗೌರವಕ್ಕೆ ಅವರು ಅರ್ಹರು.

2008ರ ಮರುವಿಂಗಡಣೆ

ಈ ಸೀಮೆಯ ಚುನಾವಣಾ ಚರಿತ್ರೆಯನ್ನು ಇಬ್ಭಾಗ ಮಾಡುವ ವರ್ಷ 2008. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಮರುವಿಂಗಡಣಾ ಆಯೋಗ 2001ರ ಜನಗಣತಿಯ ಮೇಲೆ ಎಳೆದ ನಕ್ಷೆಯಂತೆ ಚುನಾವಣೆ ನಡೆಸಿದ ಮೊದಲ ರಾಜ್ಯ ಕರ್ನಾಟಕ. ವಿಧಾನಸಭೆಯ 224 ಸ್ಥಾನಗಳ ಸಂಖ್ಯೆ ಬದಲಾಗಲಿಲ್ಲ. ಆದರೆ ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳು 33ರಿಂದ 36ಕ್ಕೆ ಏರಿದವು. ಪರಿಶಿಷ್ಟ ಪಂಗಡದವು 2ರಿಂದ 15ಕ್ಕೆ ಜಿಗಿದವು.

ಈ ಜಿಗಿತದ ಕಾರಣವನ್ನು ಬಿಡಿಸಿ ನೋಡಬೇಕು. ಹಿಂದಿನ ನಕ್ಷೆ 1971ರ ಜನಗಣತಿಯನ್ನು ಆಧರಿಸಿತ್ತು. 1991ರಲ್ಲಿ ಸಂಸತ್ತು ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ತಿದ್ದಿ ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಸೇರಿಸಿತು. ಬಳ್ಳಾರಿ, ರಾಯಚೂರು, ಚಿತ್ರದುರ್ಗ ಸೀಮೆಗಳಲ್ಲಿ ದಟ್ಟವಾಗಿರುವ ಸಮುದಾಯ ಹೀಗೆ ಒಮ್ಮೆಗೇ ಲೆಕ್ಕಕ್ಕೆ ಬಂತು. ಮರುವಿಂಗಡಣೆಯ ಕಾನೂನು ಎರಡು ಬಗೆಯ ಮೀಸಲಿಗೆ ಎರಡು ನಿಯಮ ಇಡುತ್ತದೆ. ಪರಿಶಿಷ್ಟ ಜಾತಿಯ ಸ್ಥಾನಗಳನ್ನು ಆ ಜನಸಂಖ್ಯೆ ಹೆಚ್ಚಿರುವಲ್ಲಿ, ಆದರೆ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹರಡುವಂತೆ ಕೊಡಬೇಕು. ಪರಿಶಿಷ್ಟ ಪಂಗಡದ ಸ್ಥಾನಗಳಿಗೆ ಆ ಹರಡುವಿಕೆಯ ಷರತ್ತಿಲ್ಲ. ಪ್ರಮಾಣ ಎಲ್ಲಿ ಅತಿ ಹೆಚ್ಚೋ ಅಲ್ಲಿಗೇ ಅವು ಹೋಗುತ್ತವೆ. ಹೀಗಾಗಿ 15ರಲ್ಲಿ 5 ಸ್ಥಾನಗಳು ಅಂದಿನ ಬಳ್ಳಾರಿ ಜಿಲ್ಲೆಯೊಂದಕ್ಕೇ ಬಂದವು: ಕಂಪ್ಲಿ, ಸಿರುಗುಪ್ಪ, ಬಳ್ಳಾರಿ ಗ್ರಾಮೀಣ, ಸಂಡೂರು, ಕೂಡ್ಲಿಗಿ. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದವು. ಜಿಲ್ಲೆಯ ಒಂಬತ್ತು ಕ್ಷೇತ್ರಗಳಲ್ಲಿ ಸಾಮಾನ್ಯವಾಗಿ ಉಳಿದದ್ದು ಬಳ್ಳಾರಿ ನಗರ ಮತ್ತು ಹೊಸಪೇಟೆಯ ವಿಜಯನಗರ ಮಾತ್ರ. ಬಳ್ಳಾರಿ ಲೋಕಸಭಾ ಸ್ಥಾನವೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು.

ಹರಪನಹಳ್ಳಿಯ ಕಥೆ ಬೇರೆಯಾಯಿತು. 1997ರ ಆಗಸ್ಟ್‌ನಲ್ಲಿ ಜೆ.ಎಚ್. ಪಟೇಲ್ ಸರ್ಕಾರ ದಾವಣಗೆರೆ ಜಿಲ್ಲೆ ರಚಿಸಿದಾಗ ತಾಲ್ಲೂಕು ಬಳ್ಳಾರಿಯನ್ನು ಬಿಟ್ಟು ಅಲ್ಲಿಗೆ ಸೇರಿತ್ತು. ಆಯೋಗ ಅದನ್ನು ದಾವಣಗೆರೆಯ ಲೆಕ್ಕದಲ್ಲೇ ನೋಡಿತು. ಅಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಮಾಯಕೊಂಡಕ್ಕೆ, ಪಂಗಡದ ಸ್ಥಾನ ಜಗಳೂರಿಗೆ ಹೋಯಿತು. ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಹರಪನಹಳ್ಳಿ ಸಾಮಾನ್ಯ ಕ್ಷೇತ್ರವಾಯಿತು. ಐದು ತಾಲ್ಲೂಕುಗಳ ಸೀಮೆಯಲ್ಲಿ ಮೀಸಲಿಲ್ಲದ ಏಕೈಕ ಕ್ಷೇತ್ರ ಇದೇ. ಇಲ್ಲಿನ ರಾಜಕಾರಣದ ಅನಂತರದ ತಿರುವುಗಳಲ್ಲಿ ಹಲವು ಈ ಒಂದು ಸಂಗತಿಯಿಂದ ಹುಟ್ಟಿವೆ. ಹಡಗಲಿ ಮೀಸಲಾದ್ದರಿಂದ ಪ್ರಕಾಶ್ ಹರಪನಹಳ್ಳಿಗೆ ಬರಬೇಕಾಯಿತು. ಹಿಂದೆ ಹರಪನಹಳ್ಳಿಯಿಂದ ಗೆದ್ದಿದ್ದ ಪಿ.ಟಿ. ಪರಮೇಶ್ವರ ನಾಯ್ಕ ಅದೇ ದಾರಿಯಲ್ಲಿ ಎದುರು ದಿಕ್ಕಿಗೆ, ಹಡಗಲಿಗೆ ಹೋದರು. ಬಳ್ಳಾರಿ ಲೋಕಸಭಾ ಸ್ಥಾನ ಕೈತಪ್ಪಿದ ಕರುಣಾಕರ ರೆಡ್ಡಿಯವರಿಗೂ ಕಾಣಿಸಿದ್ದು ಹರಪನಹಳ್ಳಿಯೇ.

ಇದೇ ನಕ್ಷೆಯಲ್ಲಿ ಕೊಟ್ಟೂರು ಎಂಬ ಹಳೆಯ ಕ್ಷೇತ್ರ ಅಳಿಸಿಹೋಯಿತು. ಪಟ್ಟಣ ಹಗರಿಬೊಮ್ಮನಹಳ್ಳಿ ಕ್ಷೇತ್ರಕ್ಕೆ ಸೇರಿತು. ಮುಂದೆ 2018ರಲ್ಲಿ ಕೊಟ್ಟೂರು ತಾಲ್ಲೂಕು ಕೇಂದ್ರವಾದರೂ ತನ್ನ ಹೆಸರಿನ ಶಾಸಕ ಸ್ಥಾನ ಅದಕ್ಕೆ ಮರಳಲಿಲ್ಲ.

2008ರಿಂದ 2023ರವರೆಗಿನ ವಿಧಾನಸಭಾ ಚುನಾವಣೆಗಳು

2008ರಲ್ಲಿ ನಾಲ್ಕೂ ಕ್ಷೇತ್ರಗಳನ್ನು ಬಿಜೆಪಿ ಗೆದ್ದಿತು: ಹರಪನಹಳ್ಳಿಯಲ್ಲಿ ಕರುಣಾಕರ ರೆಡ್ಡಿ, ಹಡಗಲಿಯಲ್ಲಿ ಬಿ. ಚಂದ್ರಾ ನಾಯ್ಕ, ಹಗರಿಬೊಮ್ಮನಹಳ್ಳಿಯಲ್ಲಿ ಕೆ. ನೇಮರಾಜ ನಾಯ್ಕ, ಕೂಡ್ಲಿಗಿಯಲ್ಲಿ ಬಿ. ನಾಗೇಂದ್ರ. ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದ್ದ ಪ್ರಕಾಶ್, ಕರುಣಾಕರ ರೆಡ್ಡಿ ಎದುರು ಸೋತರು. ಅದು ಅವರ ಕೊನೆಯ ವಿಧಾನಸಭಾ ಚುನಾವಣೆ. ಗಣಿ ಹಣದ ಬಲವನ್ನು ಈ ಗೆಲುವುಗಳಿಗೆ ಮುಖ್ಯ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಪಾತ್ರ ದೊಡ್ಡದೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ಹೊಸ ಮೀಸಲು ಕ್ಷೇತ್ರಗಳಲ್ಲಿ ಹಳಬರ ಹಿಡಿತ ಇಲ್ಲವಾಗಿದ್ದನ್ನೂ ಅದರ ಜೊತೆಗಿಟ್ಟು ನೋಡಬೇಕು.

2013ರಲ್ಲಿ ಪ್ರಕಾಶ್ ಅವರ ಮಗ ಎಂ.ಪಿ. ರವೀಂದ್ರ ಹರಪನಹಳ್ಳಿಯಲ್ಲಿ, ಪರಮೇಶ್ವರ ನಾಯ್ಕ ಹಡಗಲಿಯಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಹಗರಿಬೊಮ್ಮನಹಳ್ಳಿ ಜೆಡಿಎಸ್‌ನ ಎಸ್. ಭೀಮಾ ನಾಯ್ಕರಿಗೆ, ಕೂಡ್ಲಿಗಿ ಪಕ್ಷೇತರರಾಗಿ ನಿಂತ ನಾಗೇಂದ್ರರಿಗೆ ಒಲಿಯಿತು.

ರವೀಂದ್ರ ಅವರ ಅವಧಿಯ ದೊಡ್ಡ ವಿಷಯ ಸಂವಿಧಾನದ 371ಜೆ ವಿಧಿ. 2013ರಲ್ಲಿ ಜಾರಿಗೆ ಬಂದ ಈ ವಿಧಿಯಡಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೂ ಬಳ್ಳಾರಿಗೂ ಉದ್ಯೋಗ, ಶಿಕ್ಷಣದಲ್ಲಿ ವಿಶೇಷ ಸ್ಥಾನ ಸಿಕ್ಕಿತು. ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಅದರಿಂದ ಹೊರಗುಳಿಯಿತು. ಪಕ್ಕದ ಹಡಗಲಿಯ ವಿದ್ಯಾರ್ಥಿಗೆ ವೈದ್ಯಕೀಯ ಸೀಟಿನಲ್ಲಿ ಸಿಗುವ ಮೀಸಲು ತಮ್ಮ ಮಕ್ಕಳಿಗೇಕೆ ಇಲ್ಲ ಎಂದು ಹರಪನಹಳ್ಳಿಯ ತಂದೆತಾಯಂದಿರು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ದೀರ್ಘ ಹೋರಾಟದ ಬಳಿಕ ತಾಲ್ಲೂಕನ್ನು ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನ 2018ರಲ್ಲಿ ಬಂತು. ಆದರೂ ಅದೇ ವರ್ಷದ ಚುನಾವಣೆಯಲ್ಲಿ ರವೀಂದ್ರ ಕರುಣಾಕರ ರೆಡ್ಡಿಯವರಿಗೆ ಸೋತರು, ನವೆಂಬರ್‌ನಲ್ಲಿ ತೀರಿಕೊಂಡರು. ಆ ವರ್ಷ ಕೂಡ್ಲಿಗಿಯೂ ಬಿಜೆಪಿಗೆ (ಎನ್.ವೈ. ಗೋಪಾಲಕೃಷ್ಣ) ಹೋಯಿತು; ಹಡಗಲಿ, ಹಗರಿಬೊಮ್ಮನಹಳ್ಳಿ ಕಾಂಗ್ರೆಸ್ಸಿಗೆ ದಕ್ಕಿದವು.

2023ರ ಫಲಿತಾಂಶ ಗಮನಾರ್ಹ. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದ ಆ ಚುನಾವಣೆಯಲ್ಲಿ ಈ ನಾಲ್ಕು ಕ್ಷೇತ್ರಗಳು ನಾಲ್ಕು ದಾರಿ ಹಿಡಿದವು. ಕೂಡ್ಲಿಗಿಯಲ್ಲಿ ಕಾಂಗ್ರೆಸ್ಸಿನ ಡಾ. ಎನ್.ಟಿ. ಶ್ರೀನಿವಾಸ್ 54,350 ಮತಗಳಿಂದ ಗೆದ್ದರು. ಹಡಗಲಿಯಲ್ಲಿ ಬಿಜೆಪಿಯ ಕೃಷ್ಣ ನಾಯ್ಕ ಗೆದ್ದದ್ದು 1,444 ಮತಗಳಿಂದ. ಹಗರಿಬೊಮ್ಮನಹಳ್ಳಿಯಲ್ಲಿ ಬಿಜೆಪಿಯ ಹಳೆಯ ಶಾಸಕ ನೇಮರಾಜ ನಾಯ್ಕ ಜೆಡಿಎಸ್‌ನಿಂದ ನಿಂತು, ಜೆಡಿಎಸ್‌ನ ಹಳೆಯ ಶಾಸಕ ಭೀಮಾ ನಾಯ್ಕ ಕಾಂಗ್ರೆಸ್ಸಿನಿಂದ ನಿಂತು ಎದುರಾದರು, ನೇಮರಾಜ ಗೆದ್ದರು. ಹರಪನಹಳ್ಳಿಯಲ್ಲಿ ಪ್ರಕಾಶ್ ಅವರ ಮಗಳು ಲತಾ ಮಲ್ಲಿಕಾರ್ಜುನ, ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತು ಕರುಣಾಕರ ರೆಡ್ಡಿಯವರನ್ನು 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ರಾಜ್ಯದಲ್ಲಿ ಗೆದ್ದ ಇಬ್ಬರೇ ಪಕ್ಷೇತರರಲ್ಲಿ ಅವರೊಬ್ಬರು. ಚಿಹ್ನೆಗಿಂತ ವ್ಯಕ್ತಿಯನ್ನೂ ಮನೆತನವನ್ನೂ ನೋಡಿ ಮತ ಹಾಕುವ ಪ್ರವೃತ್ತಿ ಈ ಸೀಮೆಯಲ್ಲಿ ಬಲವಾಗಿದೆ ಎನ್ನಲು ಇಷ್ಟು ಆಧಾರ ಸಾಕೆನಿಸುತ್ತದೆ.

ಲೋಕಸಭಾ ಚುನಾವಣೆಗಳು

ಮೀಸಲಾದ ಮೇಲೆ ಬಳ್ಳಾರಿ ಕ್ಷೇತ್ರದ ತೂಗಾಟ ಹೆಚ್ಚಿದೆ. 2009ರಲ್ಲಿ ಬಿಜೆಪಿಯ ಜೆ. ಶಾಂತಾ 2,243 ಮತಗಳಿಂದಷ್ಟೇ ಗೆದ್ದರು. 2014ರಲ್ಲಿ ಅವರ ಸೋದರ ಬಿ. ಶ್ರೀರಾಮುಲು ಗೆದ್ದರು. 2018ರ ನವೆಂಬರ್ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳಿಂದ ಗೆದ್ದು, ಆರು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಬಿಜೆಪಿಯ ವೈ. ದೇವೇಂದ್ರಪ್ಪ ಅವರಿಗೆ 55,707 ಮತಗಳಿಂದ ಸೋತರು. 2024ರಲ್ಲಿ ಕಾಂಗ್ರೆಸ್ಸಿನ ಇ. ತುಕಾರಾಂ ಶ್ರೀರಾಮುಲು ಅವರನ್ನು 98,992 ಮತಗಳಿಂದ ಸೋಲಿಸಿದರು.

ದಾವಣಗೆರೆಯಲ್ಲಿ 2004ರಿಂದ 2019ರವರೆಗೆ ನಾಲ್ಕು ಸಲವೂ ಬಿಜೆಪಿಯ ಜಿ.ಎಂ. ಸಿದ್ದೇಶ್ವರ ಗೆದ್ದರು. 2009ರ ಅಂತರ 2,024 ಮತ. 2024ರಲ್ಲಿ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ 26,094 ಮತಗಳಿಂದ ಗಾಯತ್ರಿ ಸಿದ್ದೇಶ್ವರ ಅವರನ್ನು ಸೋಲಿಸಿದರು. ಬಹುಮಟ್ಟಿಗೆ ದಾವಣಗೆರೆ ನಗರದ ಮನೆತನಗಳದೇ ಸ್ಪರ್ಧೆಯಾದ್ದರಿಂದ ಹರಪನಹಳ್ಳಿ ಈ ಚುನಾವಣೆಗಳಲ್ಲಿ ಅಂಚಿನ ಕ್ಷೇತ್ರವಾಗಿಯೇ ಉಳಿದಿದೆ.

ನೀರು, ಗುಳೆ, ಜಾತ್ರೆ

ಹರಪನಹಳ್ಳಿ ಮತ್ತು ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಒಳಗಿನ ಹಳ್ಳಿಗಳೂ ಕೂಡ್ಲಿಗಿಯೂ ಮಳೆ ನಂಬಿವೆ. ಹಾಗಾಗಿ ಪ್ರಚಾರದ ಕೇಂದ್ರದಲ್ಲಿ ಕೆರೆ ತುಂಬಿಸುವ ಮಾತಿರುತ್ತದೆ: ಕೂಡ್ಲಿಗಿಯ 74 ಕೆರೆಗಳ ಯೋಜನೆ, ಹಡಗಲಿಯ ಸಿಂಗಟಾಲೂರು ಏತ ನೀರಾವರಿ, ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯ. ಬರದ ವರ್ಷಗಳಲ್ಲಿ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರನ್ನು ಮತದಾನಕ್ಕೆ ಕರೆತರುವುದು ಅಭ್ಯರ್ಥಿಗಳ ಪಾಲಿಗೆ ದೊಡ್ಡ ಕೆಲಸ. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳೆರಡರಲ್ಲೂ ಗೆದ್ದವರಲ್ಲಿ ಲಂಬಾಣಿ ಸಮುದಾಯದವರೇ ಹೆಚ್ಚಾದ್ದರಿಂದ ತಾಂಡಾದ ಮತಗಳಿಗೆ ವಿಶೇಷ ತೂಕವಿದೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಂದು ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರ್ಣಿಕವನ್ನು ಮಳೆಬೆಳೆಗೂ ರಾಜಕೀಯಕ್ಕೂ ಅನ್ವಯಿಸಿ ಅರ್ಥ ಹೇಳುತ್ತಾರೆ. ಚುನಾವಣೆಯ ವರ್ಷಗಳಲ್ಲಿ ಪಕ್ಷಗಳವರು ಅಲ್ಲೂ, ಕೊಟ್ಟೂರಿನ ಗುರು ಬಸವೇಶ್ವರ ರಥೋತ್ಸವದಲ್ಲೂ ಕಾಣಿಸಿಕೊಳ್ಳುತ್ತಾರೆ.

ಹೊಂದದ ಗಡಿಗಳು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿಯ ಸ್ಥಿತಿ ಇಂದಿನ ಗೊಂದಲವನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ರೈತ ಪಹಣಿಗೆ ಹರಪನಹಳ್ಳಿ ತಹಶೀಲ್ದಾರ್ ಕಚೇರಿಗೆ, ಜಿಲ್ಲಾಧಿಕಾರಿಯ ಬಳಿ ಹೊಸಪೇಟೆಗೆ ಹೋಗಬೇಕು. ಅವನ ಶಾಸಕ ದಾವಣಗೆರೆ ಜಿಲ್ಲೆಯ ಜಗಳೂರು ಕ್ಷೇತ್ರದವರು, ಸಂಸದರು ದಾವಣಗೆರೆಯವರು. 2019ರಲ್ಲಿ ಬಳ್ಳಾರಿಯ ಸಂಸದರಾದ ದೇವೇಂದ್ರಪ್ಪ ಇದೇ ಅರಸೀಕೆರೆಯವರು. ಅವರ ಸ್ವಂತ ಊರಿನವರಿಗೆ ಅವರಿಗೆ ಮತ ಹಾಕುವ ಅವಕಾಶವಿರಲಿಲ್ಲ. ಲೋಕಸಭಾ ಚುನಾವಣೆಯಲ್ಲಿ ಹರಪನಹಳ್ಳಿಯ ಮತಯಂತ್ರಗಳು ದಾವಣಗೆರೆಗೆ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯವು ಬಳ್ಳಾರಿಗೆ ಎಣಿಕೆಗೆ ಹೋಗುತ್ತವೆ. ಜಿಲ್ಲಾ ಗಡಿಯನ್ನು ರಾಜ್ಯ ಸರ್ಕಾರ ಅಧಿಸೂಚನೆಯಿಂದ ಬದಲಿಸಬಹುದು; ಕ್ಷೇತ್ರದ ಗಡಿ, 2001ರ 84ನೇ ಸಂವಿಧಾನ ತಿದ್ದುಪಡಿಯಂತೆ, 2026ರ ನಂತರದ ಮೊದಲ ಜನಗಣತಿಯವರೆಗೆ ಕದಲುವಂತಿಲ್ಲ. ಆ ಗಣತಿಯ ಮೇಲೆ ಹೊಸ ಆಯೋಗ ಕುಳಿತಾಗ ಹರಪನಹಳ್ಳಿಯನ್ನು ದಾವಣಗೆರೆಯ ಬದಲು ವಿಜಯನಗರ ಜಿಲ್ಲೆಯ ಲೆಕ್ಕದಲ್ಲಿ ನೋಡಬೇಕಾಗುತ್ತದೆ. ಆಗ ನಾಲ್ಕೂ ಕ್ಷೇತ್ರಗಳ ಮೀಸಲಾತಿ ಮರುಪರಿಶೀಲನೆಗೆ ಬರುತ್ತದೆ.