ಚಿತ್ರಕ್ಕೆ ಬೆಲೆ ಕಟ್ಟುವವರು ಯಾರು?

ರಾಂಪುರದ ಕಡೆಯವರಿಗೆ ಬ್ರಹ್ಮಗಿರಿ ಹೊಸದಲ್ಲ. ಅಲ್ಲಿನ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರನ ಹೆಸರಿದೆ: ಚಪಡ. ರಾಜನ ಮಾತಿನ ಜೊತೆ ಬರೆದವನ ಹೆಸರೂ ಎರಡು ಸಾವಿರ ವರ್ಷ ದಾಟಿ ಉಳಿದಿದೆ. ರಾಜರಿಗೆ ಕೆಲಸ ಮಾಡಿಕೊಟ್ಟು, ತನ್ನ ಪಾಲಿನ ಹಕ್ಕನ್ನೂ ಬಿಡದ ಇನ್ನೊಬ್ಬರ ನೆನಪು ನಮಗೆ ಬಂದದ್ದು ಇದರಿಂದಲೇ. ಅವರು ಕೆ. ವೆಂಕಟಪ್ಪ.

1886ರಲ್ಲಿ ಮೈಸೂರಿನ ಚಿತ್ರಗಾರರ ಮನೆಯಲ್ಲಿ ಹುಟ್ಟಿದರು. ಮೈಸೂರು ಸಂಸ್ಥಾನದ ನೆರವಿನಿಂದ ಕಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅಲ್ಲಿ ಅವರ ಜೊತೆಗಾರರು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಮದುವೆ ಆಗಲಿಲ್ಲ.

ಊಟಿ, ಕೊಡೈಕನಾಲ್‌ಗಳ ಬೆಟ್ಟ, ಮಂಜು, ಬೆಳದಿಂಗಳನ್ನು ಅವರು ಜಲವರ್ಣದಲ್ಲಿ ಬರೆದರು. ಈ ಕೆಲಸ ಸುಲಭದ್ದಲ್ಲ. ಎಣ್ಣೆ ಬಣ್ಣದಲ್ಲಿ ತಪ್ಪಾದರೆ ಮೇಲೆ ಬಳಿದು ಮುಚ್ಚಬಹುದು. ನೀರಿನ ಬಣ್ಣ ಕಾಗದಕ್ಕೆ ಇಳಿದರೆ ಮುಗಿಯಿತು. ಬೆಳಕು ಬೇಕಾದ ಕಡೆ ಕಾಗದವನ್ನೇ ಬಿಳಿಯಾಗಿ ಬಿಡಬೇಕು. ಅಂದರೆ ಎಲ್ಲಿ ಕೈ ಹಾಕಬಾರದು ಅನ್ನುವುದು ಮೊದಲೇ ಗೊತ್ತಿರಬೇಕು.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ ಮಾಡುವುದರಲ್ಲೂ ಅವರು ಪಳಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರು ಅರಮನೆಗಾಗಿ ಅಂಥ ಶಿಲ್ಪಗಳನ್ನು ಮಾಡಿಸಿದರು. 1940ರಲ್ಲಿ ಮಹಾರಾಜರು ತೀರಿಕೊಂಡರು, ಕೆಲಸ ನಿಂತಿತು. ಹಣದ ವಿಚಾರ ಕೋರ್ಟು ಮೆಟ್ಟಿಲು ಹತ್ತಿತು. ಆಶ್ರಯ ಕೊಟ್ಟ ಅರಮನೆಯ ಮೇಲೆಯೇ ಚಿತ್ರಗಾರನೊಬ್ಬ ದಾವೆ ಹೂಡುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಕೆಲವರಿಗೆ ಇದು ಹಟಮಾರಿತನ ಅನ್ನಿಸಬಹುದು. ನಮಗೆ ಹಾಗನ್ನಿಸುವುದಿಲ್ಲ. ದಿನದ ಲೆಕ್ಕದಲ್ಲಿ ಕೊಡಬೇಕೋ, ಕೈಚಳಕಕ್ಕೆ ಕೊಡಬೇಕೋ ಅನ್ನುವ ಪ್ರಶ್ನೆಯನ್ನು ಮೊಳಕಾಲ್ಮೂರು ಸೀರೆ ನೇಯುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ವೆಂಕಟಪ್ಪ 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಮ್ಯೂಸಿಯಂ ಪಕ್ಕದಲ್ಲೇ ಇದೆ. ಅವರ ಊಟಿ, ಕೊಡೈಕನಾಲ್ ಚಿತ್ರಗಳೂ ಉಬ್ಬುಶಿಲ್ಪಗಳೂ ಅಲ್ಲಿಗೆ ಸೇರಿವೆ. ಬೆಂಗಳೂರಿಗೆ ಹೋದಾಗ ಬಾಗಿಲು ತೆರೆದಿದೆಯೇ ಎಂದು ಕೇಳಿಕೊಂಡು ಒಳಗೆ ಹೋಗಿ. ಉಬ್ಬುಶಿಲ್ಪಗಳನ್ನು ನೇರ ಎದುರಿಗೆ ನಿಂತು ನೋಡಿದರೆ ಸಾಲದು. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಎಷ್ಟು ತೆಳುವಾದ ಏರಿಳಿತದಲ್ಲಿ ಮುಖ, ಬಟ್ಟೆಯ ಮಡಿಕೆ ಮೂಡಿವೆ ಅನ್ನುವುದು ಆಗ ಕಾಣುತ್ತದೆ.