ಈಜುಗಾರರ ನವೆ

ಕೆರೆ, ಹೊಂಡ, ಗದ್ದೆಯ ನೀರಿಗೆ ಇಳಿದವರ ಮೈಮೇಲೆ ಏಳುವ ಕೆಂಪು ಗಂಧೆ. ಹಕ್ಕಿ ಮತ್ತು ದನಗಳ ರಕ್ತನಾಳದಲ್ಲಿ ಬದುಕುವ ಒಂದು ಬಗೆಯ ಚಪ್ಪಟೆ ಹುಳುವಿನ ಮರಿಗಳು ಇದಕ್ಕೆ ಕಾರಣ. ಬಸವನಹುಳುವಿನ ಒಡಲಲ್ಲಿ ಬೆಳೆದು ಬಿಸಿಲೇರಿದಾಗ ನೀರಿಗೆ ಬರುವ ಈ ಕವಲುಬಾಲದ ಮರಿಗಳಿಗೆ ಸುಮಾರು ಒಂದು ದಿನದ ಆಯುಸ್ಸು. ಅಷ್ಟರೊಳಗೆ ದನವೋ ಬಾತುಕೋಳಿಯೋ ಸಿಗಬೇಕು. ಮನುಷ್ಯ ಸಿಕ್ಕರೆ ಅವನ ಚರ್ಮ ಕೊರೆದು ಒಳಹೊಕ್ಕು, ಮುಂದೆ ಹೋಗಲಾರದೆ ಅಲ್ಲೇ ಸಾಯುತ್ತವೆ. ಹಾಗೆ ಸತ್ತ ಮರಿಗಳ ವಿರುದ್ಧ ದೇಹ ಏಳುವುದೇ ಈ ನವೆ.

ಹೆಸರು ಅಮೆರಿಕದಿಂದ ಬಂದದ್ದು. ಮಿಷಿಗನ್ನಿನ ಡಗ್ಲಸ್ ಸರೋವರದ ದಡದಲ್ಲಿ ಬಸವನಹುಳುಗಳ ಮೇಲೆ ಕೆಲಸ ಮಾಡುತ್ತಿದ್ದ ವಿಲಿಯಂ ವಾಲ್ಟರ್ ಕಾರ್ಟ್, ತಮ್ಮದೇ ಮಣಿಕಟ್ಟಿನ ಮೇಲೆ ಎದ್ದ ಗುಳ್ಳೆಗಳ ಜಾಡು ಹಿಡಿದು 1928ರಲ್ಲಿ ಕಾರಣವನ್ನು ಪ್ರಕಟಿಸಿದರು. ಅಲ್ಲಿ ಇದು ರಜೆಗೆಂದು ಸರೋವರಕ್ಕೆ ಬಂದವರ ಕಾಟ. ನಮ್ಮಲ್ಲಿ ನಾಮಕರಣವಾಗಿದ್ದರೆ ನಾಟಿ ಹಾಕುವವರ ನವೆ, ಎಮ್ಮೆ ಮೈತೊಳೆಯುವವರ ನವೆ ಎಂದಾಗಬೇಕಿತ್ತು. ಜಪಾನಿನ ಶಿನ್ಜಿ ಸರೋವರದ ಸುತ್ತಿನ ರೈತರು ಇದನ್ನು 'ಕೊಗಾನ್‌ಬ್ಯೊ', ಅಂದರೆ ಕೆರೆದಂಡೆಯ ಬೇನೆ ಎಂದು ಕರೆದರು. ಆ ಹೆಸರೇ ಹೆಚ್ಚು ಸರಿ.

ಭಾರತದಲ್ಲಿ ಈ ಹುಳುಗಳ ಚರಿತ್ರೆ ಆಸ್ಪತ್ರೆಯಲ್ಲಿ ಶುರುವಾಗಲಿಲ್ಲ, ದನದ ಕೊಟ್ಟಿಗೆಯಲ್ಲಿ ಶುರುವಾಯಿತು. 1906ರಲ್ಲಿ ಮಾಂಟ್‌ಗೊಮೆರಿ ಎಂಬ ಪಶುವೈದ್ಯ ಹಿಮಾಲಯದ ಮುಕ್ತೇಶ್ವರ ಪ್ರಯೋಗಾಲಯದಿಂದ ಶಿಸ್ಟೊಸೋಮ ಸ್ಪಿಂಡೇಲ್ ಮತ್ತು ಶಿಸ್ಟೊಸೋಮ ಇಂಡಿಕಮ್ ಎಂಬ ಎರಡು ಜಾತಿಗಳನ್ನು ವಿವರಿಸಿದ. 1930ರ ದಶಕದ ಆರಂಭದಲ್ಲಿ ಎಂ. ಅನಂತನಾರಾಯಣ ರಾವ್ ಮದ್ರಾಸ್ ಪ್ರಾಂತ್ಯದ ದನಗಳ ಮೂಗಿನಲ್ಲಿ ಮೂರನೆಯದನ್ನು, ಶಿಸ್ಟೊಸೋಮ ನೇಸೇಲ್ ಅನ್ನು, ಗುರುತಿಸಿದರು. ರೈತರು ಗೊರಕೆ ರೋಗ ಎನ್ನುವುದು ಇದನ್ನೇ. ಮೂಗಿನ ಹೊಳ್ಳೆಯೊಳಗೆ ಹೂಕೋಸಿನಂಥ ಗಂಟು ಬೆಳೆದು, ಉಸಿರೆಳೆದಾಗಲೆಲ್ಲ ಹಸು ಗೊರಗೊರ ಎನ್ನುತ್ತದೆ. ಅದು ಸೀನಿದ ಸಿಂಬಳದೊಡನೆ ಹುಳುವಿನ ಮೊಟ್ಟೆ ಕೆರೆಗೆ ಸೇರುತ್ತದೆ.   

ಮುಕ್ತೇಶ್ವರದಲ್ಲಿ ಹೆಸರು ಪಡೆದ ಸ್ಪಿಂಡೇಲ್ ಹುಳು ಮನುಷ್ಯರ ಮೈಯನ್ನೂ ತುರಿಸುತ್ತದೆ ಎಂದು ಗೊತ್ತಾದದ್ದು 32 ವರ್ಷಗಳ ಬಳಿಕ, ಅದೂ ಮಲಯದ ಭತ್ತದ ಗದ್ದೆಗಳಲ್ಲಿ. 1938ರಲ್ಲಿ ಬಕ್ಲಿ ಎಂಬ ಸಂಶೋಧಕರು ಅದನ್ನು ತೋರಿಸಿಕೊಟ್ಟರು. ದನದ ಮೂಗು ನೋಡಿದವರು ದನ ಕಾಯುವವನ ಕಾಲು ನೋಡಲಿಲ್ಲ ಎನ್ನಬೇಕು.

ಈ ಮೂರೂ ಹುಳುಗಳಿಗೆ ಆಶ್ರಯ ಕೊಡುವುದು ಇಂಡೊಪ್ಲಾನೋರ್ಬಿಸ್ ಎಂಬ ಚಪ್ಪಟೆ ಸುರುಳಿಯ ಬಸವನಹುಳು. ಅಂಗೈಯಲ್ಲಿಟ್ಟು ಜಜ್ಜಿದರೆ ಕೆಂಪು ರಸ ಬರುತ್ತದೆ. ಅದರ ರಕ್ತದಲ್ಲಿ ನಮ್ಮಂತೆಯೇ ಹಿಮೋಗ್ಲೋಬಿನ್ ಇದೆ. ನೀರು ಇಂಗಿದರೆ ಕೆಸರಿನೊಳಗೆ ಹೂತು ಮಳೆಗಾಗಿ ಕಾಯಬಲ್ಲದು. ವೇದಾವತಿಗೆ, ಅಂದರೆ ಹಗರಿಗೆ, ಕಟ್ಟಿದ ಭೈರವಾನಿತಿಪ್ಪ ಜಲಾಶಯದಂಥ ಬಯಲುಸೀಮೆಯ ನೀರಿನ ತಾಣಗಳಲ್ಲಿ ನೀರು ವರ್ಷಕ್ಕೊಂದು ಬಗೆ. ಅದೇ ನದಿಯ ಮೇಲ್ಭಾಗದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಹಿಂದೆ ಸರಿದ ಅಂಚಿನ ಜೊಂಡು, ಕೆಸರು, ದನಗಳ ಹೆಜ್ಜೆಗುಂಡಿ ಇಂಥ ಬಸವನಹುಳುವಿಗೆ ಹೇಳಿ ಮಾಡಿಸಿದ ಜಾಗ.

ಇದೇ ಸೀಮೆ ನಾರುಹುಣ್ಣನ್ನೂ ಕಂಡಿತ್ತು. ಮೆಟ್ಟಿಲುಬಾವಿಯ ನೀರು ಕುಡಿದವರ ಕಾಲಿನಿಂದ ಗೇಣುಗಟ್ಟಲೆ ಉದ್ದದ ಹುಳು ಹೊರಬರುತ್ತಿದ್ದ ಆ ರೋಗಕ್ಕೆ ರಾಷ್ಟ್ರೀಯ ಕಾರ್ಯಕ್ರಮವೇ ನಡೆಯಿತು. ಕೊನೆಯ ರೋಗಿ 1996ರಲ್ಲಿ ಸಿಕ್ಕ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ಘೋಷಣೆಯಾಯಿತು. ನವೆಗೆ ಆ ಭಾಗ್ಯವಿಲ್ಲ. ವಾರದಲ್ಲಿ ತಾನೇ ಇಳಿಯುವ ಬೇನೆಯ ಲೆಕ್ಕ ಯಾರಿಡುತ್ತಾರೆ?

ಗುರುತಿಸುವುದರಲ್ಲೇ ಎಡವಟ್ಟು ಹೆಚ್ಚು. ಕಜ್ಜಿ ಎಂದುಕೊಂಡು ಮನೆಮಂದಿಗೆಲ್ಲ ಕಜ್ಜಿಯ ಮುಲಾಮು ಹಚ್ಚುವುದುಂಟು. ಕಜ್ಜಿ ಬೆರಳಸಂದಿಯಲ್ಲಿ ಏಳುತ್ತದೆ, ರಾತ್ರಿ ಕೆರಳುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಈ ನವೆ ಅಂಟುಜಾಡ್ಯವಲ್ಲ. ನೀರು ಎಲ್ಲಿಯವರೆಗೆ ಮುಟ್ಟಿತ್ತೋ ಅಲ್ಲಿಯವರೆಗೇ ಗುಳ್ಳೆ. ಮೊಣಕಾಲುದ್ದ ಇಳಿದವನಿಗೆ ಮೊಣಕಾಲಿನವರೆಗೆ. ಹಿಂದೊಮ್ಮೆ ಬಂದವರಿಗೆ ಮರುಸಲ ಬೇಗ, ಜೋರಾಗಿ ಬರುತ್ತದೆ. ತಣ್ಣೀರ ಬಟ್ಟೆ, ಕ್ಯಾಲಮೈನ್ ಲೋಷನ್, ತುರಿಕೆ ತಡೆಯದಿದ್ದರೆ ವೈದ್ಯರು ಕೊಡುವ ಅಲರ್ಜಿ ಮಾತ್ರೆ ಸಾಕು. ನೀರಿನಿಂದ ಎದ್ದ ತಕ್ಷಣ ಮೈ ಒರೆಸಿಕೊಳ್ಳುವುದು ಇವಕ್ಕಿಂತ ಮೇಲು. ಕೆರೆದು ಕೀವಾದರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕು. ಹೋದಾಗ ಯಾವ ನೀರಿಗೆ, ಎಂದು, ಎಷ್ಟು ಆಳಕ್ಕೆ ಇಳಿದಿದ್ದಿರಿ, ಅಲ್ಲಿ ದನ ಮೈತೊಳೆಯುತ್ತಾರೆಯೇ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.